ಚೇಳಿನ ವಿಷ ತೋರಿಸಿಕೊಟ್ಟ ಪೊಟ್ಯಾಸಿಯಮ್ ದಾರಿ

(ಶಿವಮೊಗ್ಗದಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಆಸಕ್ತ ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಇಲ್ಲಿ ಕೂತವರಲ್ಲಿ ಚೇಳು ಕಡಿಸಿಕೊಂಡವರು ಕೈ ಎತ್ತಿ ನೋಡೋಣ. ಸುಮಾರು ಕೈಗಳು ಮೇಲೆ ಬಂದವು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆ ಇದ್ದವರಿಗೆ ಇದು ಹೊಸದೇನಲ್ಲ. ಸೌದೆ ರಾಶಿ ಕದಲಿಸಿದರೆ, ಅಡಿಕೆ ಸಿಪ್ಪೆ ಗುಡ್ಡೆಗೆ ಕೈ ಹಾಕಿದರೆ, ಕೊಟ್ಟಿಗೆಗೆ ದರಗು ತಂದು ಸುರಿದರೆ ಅಲ್ಲೊಂದು ಚೇಳು ಇರುತ್ತದೆ. ‘ಚೇಳಿಗೆ ಪಾರುಪತ್ಯ ಕೊಟ್ಟ ಹಾಗೆ’ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಅಂಥ ಚೇಳಿನ ವಿಷದಲ್ಲಿ ಒಂದು ಪುಟ್ಟ ಅಣು ಇದೆ. ನಮ್ಮ ರಕ್ತದ ಕೋಶವೊಂದರ ಮೈಮೇಲಿರುವ ಒಂದೇ ಒಂದು ಜಾತಿಯ ದಾರಿಯನ್ನು ಅದು ಹುಡುಕಿ ಮುಚ್ಚುತ್ತದೆ. ಅದರಿಂದ ವೈದ್ಯವಿಜ್ಞಾನ ಏನು ಕಲಿಯಿತು, ಇನ್ನೂ ಏನು ಕಲಿಯುತ್ತಿದೆ ಅನ್ನುವುದೇ ಇವತ್ತಿನ ವಿಷಯ.

ಮೊದಲು ಎರಡು ಚೇಳುಗಳ ವ್ಯತ್ಯಾಸ ಹೇಳಿಬಿಡುತ್ತೇನೆ. ಯಾಕೆಂದರೆ ಇದು ಪ್ರಾಣದ ಪ್ರಶ್ನೆ. ನಮ್ಮ ಜನ ಹೆಚ್ಚು ಹೆದರುವುದು ಕರಿ ಚೇಳಿಗೆ. ದೊಡ್ಡ ಮೈ, ದಪ್ಪ ಇಕ್ಕಳ, ನೋಡಿದರೇ ಎದೆ ಝಲ್ ಅನ್ನುತ್ತದೆ. ಅದು ಕಡಿದರೆ ನೋವು ಜೋರು, ಆದರೆ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ. ನಿಜವಾಗಿ ಹೆದರಬೇಕಾದದ್ದು ಸಣ್ಣ ಮೈಯ, ತೆಳು ಇಕ್ಕಳದ ಕೆಂಪು ಚೇಳಿಗೆ. ಅದರ ವಿಷ ನರಗಳಲ್ಲಿ ಸೋಡಿಯಮ್ ಹೋಗುವ ದಾರಿಗಳನ್ನು ಮುಚ್ಚಲು ಬಿಡುವುದಿಲ್ಲ. ನರ ಸುಮ್ಮನಾಗುವುದೇ ಇಲ್ಲ. ಅಡ್ರಿನಲಿನ್‌ನಂಥ ರಸಗಳು ಮೈಯಲ್ಲಿ ಉಕ್ಕುತ್ತವೆ. ಬೆವರು, ವಾಂತಿ, ತಣ್ಣಗಾಗುವ ಕೈಕಾಲು, ಏರುವ ಬಿಪಿ, ಕೊನೆಗೆ ಶ್ವಾಸಕೋಶದಲ್ಲಿ ನೀರು. ಮಕ್ಕಳಿಗಂತೂ ಇದು ತುಂಬಾ ಅಪಾಯ.

ಕೊಂಕಣದ ಮಹಾಡ್‌ನಲ್ಲಿ ಕೆಲಸ ಮಾಡಿದ ಡಾ. ಹಿಮ್ಮತರಾವ್ ಬಾವಸ್ಕರ್ ಅವರ ಹೆಸರನ್ನು ಇಲ್ಲಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಕೆಂಪು ಚೇಳು ಕಡಿದವರಲ್ಲಿ ನೂರಕ್ಕೆ ಸುಮಾರು ನಲವತ್ತು ಜನ ಸಾಯುತ್ತಿದ್ದ ಕಾಲ ಅದು. ಅವರು ಹಳ್ಳಿಯ ಆಸ್ಪತ್ರೆಯಲ್ಲಿ ರೋಗಿಗಳ ಪಕ್ಕ ಕೂತು ಪ್ರತಿಯೊಂದು ಲಕ್ಷಣವನ್ನೂ ಬರೆದಿಟ್ಟರು. ಬಿಪಿಗೆ ಕೊಡುತ್ತಿದ್ದ ಪ್ರಜೋಸಿನ್ ಎಂಬ ಅಗ್ಗದ ಮಾತ್ರೆ ಈ ಅಡ್ರಿನಲಿನ್ ಹೊಡೆತವನ್ನು ತಡೆಯುತ್ತದೆ ಅಂತ ತೋರಿಸಿದರು. ಸಾವು ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನೀವು ನೆನಪಿಡಬೇಕಾದದ್ದು ಇಷ್ಟು: ಚೇಳು ಕಡಿದ ಜಾಗಕ್ಕೆ ಹಗ್ಗ ಬಿಗಿಯಬೇಡಿ, ಕುಯ್ಯಬೇಡಿ, ಬೆವರು ವಾಂತಿ ಶುರುವಾದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ಈಗ ವಿಷದ ಒಳಗೆ ಹೋಗೋಣ. ವಿಷ ಅಂದರೆ ಒಂದೇ ಪದಾರ್ಥ ಅಂದುಕೊಳ್ಳುತ್ತೇವೆ, ಅಲ್ವಾ? ಒಂದು ಚೇಳಿನ ವಿಷದಲ್ಲಿ ನೂರಕ್ಕೂ ಮೀರಿ ಬೇರೆ ಬೇರೆ ಅಣುಗಳಿರುತ್ತವೆ. ಈಗ ಹೇಳಿದ ಸೋಡಿಯಮ್ ದಾರಿಯ ವಿಷಗಳು ಸ್ವಲ್ಪ ದೊಡ್ಡವು, ಪ್ರೋಟೀನಿನ ಮಣಿಗಳಂತಿರುವ ಅಮೈನೋ ಆಮ್ಲಗಳನ್ನು 60ರಿಂದ 70 ಪೋಣಿಸಿದಂಥವು. ಅವುಗಳ ಜೊತೆಗೇ ಇನ್ನೊಂದು ಗುಂಪಿದೆ. ಇವು ಇನ್ನೂ ಚಿಕ್ಕವು, ಹೆಚ್ಚಿನವು 30ರಿಂದ 40 ಅಮೈನೋ ಆಮ್ಲದವು. ಇನ್ಸುಲಿನ್‌ನಲ್ಲಿ 51 ಇರುತ್ತವೆ, ಅದಕ್ಕಿಂತಲೂ ಸಣ್ಣವು. ಇವು ಪೊಟ್ಯಾಸಿಯಮ್ ದಾರಿಗಳನ್ನು ಮುಚ್ಚುತ್ತವೆ. ನಾನು ಇವತ್ತು ಮಾತಾಡುವುದು ಇವುಗಳ ಬಗ್ಗೆ ಮಾತ್ರ.

ನಮ್ಮ ಪ್ರತಿ ಜೀವಕೋಶದ ಸುತ್ತ ಒಂದು ಕೊಬ್ಬಿನ ಪೊರೆ ಇದೆ. ಪೊಟ್ಯಾಸಿಯಮ್ ಅದರೊಳಗೆ ಜಾಸ್ತಿ, ಹೊರಗಿನದಕ್ಕಿಂತ ಸುಮಾರು ಮೂವತ್ತು ಪಟ್ಟು. ಪೊರೆಯಲ್ಲಿ ಪ್ರೋಟೀನಿನಿಂದಾದ ಕಿರಿದಾದ ದಾರಿಗಳಿವೆ. ಅವನ್ನೇ ಚಾನೆಲ್ ಅನ್ನುತ್ತೇವೆ. ಪೊಟ್ಯಾಸಿಯಮ್ ಚಾನೆಲ್ ತೆರೆದರೆ ಸೆಕೆಂಡಿಗೆ ಲಕ್ಷಾಂತರ ಪೊಟ್ಯಾಸಿಯಮ್ ಅಯಾನುಗಳು, ಅಂದರೆ ಧನ ವಿದ್ಯುತ್ತು ಹೊತ್ತ ಕಣಗಳು, ಹೊರಗೆ ಹೋಗುತ್ತವೆ. ಧನ ವಿದ್ಯುತ್ತು ಹೊರಗೆ ಹೋದಂತೆ ಒಳಗಡೆ ಋಣವಾಗುತ್ತದೆ. (ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಪ್ಯಾರಾಬ್ಯೂಥಸ್ ಎಂಬ ದಕ್ಷಿಣ ಆಫ್ರಿಕಾದ ಚೇಳು ಮೊದಲು ತಿಳಿಯಾದ ಒಂದು ಹನಿ ಬಿಡುತ್ತದೆ. ಅದರ ಹಿಂದೆ ಬರುವುದೇ ಹಾಲಿನಂಥ ನಿಜವಾದ ವಿಷ. ಆ ಮೊದಲ ಹನಿಯಲ್ಲಿ ಪೊಟ್ಯಾಸಿಯಮ್ ಲವಣ ತುಂಬಿರುತ್ತದೆ. ನರದ ಹೊರಗೆ ಪೊಟ್ಯಾಸಿಯಮ್ ಏರಿದರೆ ಸಾಕು, ಉರಿ ಶುರು. ಬೆಲೆಬಾಳುವ ಪ್ರೋಟೀನನ್ನು ಖರ್ಚು ಮಾಡದೆ ಬರೀ ಉಪ್ಪಿನಿಂದ ಶತ್ರುವನ್ನು ಓಡಿಸುವ ಉಪಾಯ ಇದು.)

ನರ, ಸ್ನಾಯು, ಹೃದಯದಲ್ಲಿ ಇಂಥ ಚಾನೆಲ್ ಇರುವುದು ಹಳೆಯ ವಿಷಯ. ರಕ್ತದಲ್ಲಿ ತೇಲಾಡುವ ಬಿಳಿ ಕೋಶಕ್ಕೆ ಇವುಗಳಿಂದ ಏನು ಕೆಲಸ? 1984ರಲ್ಲಿ ಉತ್ತರ ಸಿಗಲು ಶುರುವಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಕೋರ್ಸಿ, ಚಾಂಡಿ, ಗುಪ್ತಾ, ಕ್ಯಾಹಲನ್ ಎಂಬ ನಾಲ್ವರು ಮನುಷ್ಯನ ಟಿ ಕೋಶಗಳಲ್ಲಿ, ಅಂದರೆ ಸೋಂಕಿನ ಜೊತೆ ಸೆಣಸುವ ಒಂದು ಬಗೆಯ ಬಿಳಿ ಕೋಶಗಳಲ್ಲಿ, ಪೊಟ್ಯಾಸಿಯಮ್ ಚಾನೆಲ್ ಇರುವುದನ್ನು ಅಳೆದು ತೋರಿಸಿದರು. ಇವರಲ್ಲಿ ಜಾರ್ಜ್ ಚಾಂಡಿ ನಮ್ಮ ವೆಲ್ಲೂರಿನಲ್ಲಿ ವೈದ್ಯಕೀಯ ಓದಿದವರು. ಆ ಚಾನೆಲ್‌ಗೆ ಈಗ ಕೆವಿ 1.3 ಎಂದು ಹೆಸರು.

ಅಳೆಯುವುದು ಹೇಗೆ ಅಂತ ವಿದ್ಯಾರ್ಥಿಗಳು ತಿಳಿದಿರಬೇಕು. ಟಿ ಕೋಶದ ಅಗಲ ಒಂದು ಮಿಲಿಮೀಟರಿನ ನೂರನೇ ಭಾಗಕ್ಕಿಂತಲೂ ಕಡಿಮೆ. ಗಾಜಿನ ನಳಿಗೆಯನ್ನು ಕಾಯಿಸಿ ಎಳೆದು, ತುದಿಯನ್ನು ಅದಕ್ಕಿಂತ ಎಷ್ಟೋ ಸಣ್ಣದು ಮಾಡಬೇಕು. ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಆ ತುದಿಯನ್ನು ಕೋಶಕ್ಕೆ ತಾಗಿಸಿ, ರಬ್ಬರ್ ಕೊಳವೆಯಿಂದ ಬಾಯಲ್ಲಿ ಮೆಲ್ಲಗೆ ಉಸಿರೆಳೆಯಬೇಕು. ಜೋರಾಗಿ ಎಳೆದರೆ ಕೋಶ ಹರಿಯುತ್ತದೆ. ಸರಿಯಾಗಿ ಎಳೆದರೆ ಪೊರೆ ಗಾಜಿಗೆ ಬಿಗಿಯಾಗಿ ಅಂಟುತ್ತದೆ, ಪರದೆಯ ಮೇಲೆ ಕುಣಿಯುತ್ತಿದ್ದ ಗೆರೆ ತಟ್ಟನೆ ನೆಟ್ಟಗಾಗುತ್ತದೆ. ಇದೇ ಪ್ಯಾಚ್ ಕ್ಲ್ಯಾಂಪ್. ಇದನ್ನು ಕಂಡುಹಿಡಿದ ನೇಹರ್ ಮತ್ತು ಸಾಕ್‌ಮನ್ ಅವರಿಗೆ 1991ರಲ್ಲಿ ನೊಬೆಲ್ ಬಂತು. ಈಗ ಕೋಶಕ್ಕೆ ಒಂದು ವೋಲ್ಟೇಜ್ ಕೊಟ್ಟರೆ ಕೆವಿ 1.3 ತೆರೆದು, ಗೆರೆ ಚಿಮ್ಮಿ ಮೇಲೇರಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಅರ್ಧ ನಿಮಿಷ ಬಿಟ್ಟು ಮತ್ತೆ ಕೊಟ್ಟರೆ ಮತ್ತೆ ಅದೇ ಆಕಾರ. ಈಗ ಕೋಶ ಇರುವ ಉಪ್ಪುನೀರಿಗೆ ಚೇಳಿನ ಆ ಅಣುವನ್ನು ಸೇರಿಸಿ. ಮುಂದಿನ ಸಲ ಗೆರೆ ಅರ್ಧಕ್ಕೆ ನಿಲ್ಲುತ್ತದೆ. ಅದರ ಮುಂದಿನ ಸಲ ಇನ್ನೂ ಕೆಳಗೆ. ಆಮೇಲೆ ಹೆಚ್ಚುಕಡಿಮೆ ಮಟ್ಟಸ. ಕೋಶ ಸತ್ತಿಲ್ಲ. ಅಣು ಇಲ್ಲದ ಉಪ್ಪುನೀರು ಹರಿಸಿ ತೊಳೆದರೆ ಗೆರೆ ನಿಧಾನಕ್ಕೆ ಮತ್ತೆ ಏಳುತ್ತದೆ. ವಿಷ ಅಂದರೆ ನಾಶ ಅಂದುಕೊಂಡವರಿಗೆ ನಾನು ಯಾವಾಗಲೂ ಇದನ್ನು ತೋರಿಸಲು ಇಷ್ಟಪಡುತ್ತೇನೆ. ಇಲ್ಲಿ ಏನೂ ನಾಶವಾಗಿಲ್ಲ. ಒಂದು ದಾರಿಗೆ ಅಡ್ಡ ಕೂತಿತ್ತು, ಎದ್ದು ಹೋಯಿತು.

ಸರಿ, ದಾರಿ ಮುಚ್ಚಿದರೆ ಟಿ ಕೋಶಕ್ಕೆ ಏನಾಗುತ್ತದೆ? ಟಿ ಕೋಶ ಒಂದು ವೈರಸ್‌ನ ತುಣುಕನ್ನು ಗುರುತಿಸಿದಾಗ ಕ್ಯಾಲ್ಸಿಯಂ ಒಳಗೆ ಬರುವ ದಾರಿ ತೆರೆಯುತ್ತದೆ. ಆ ಕ್ಯಾಲ್ಸಿಯಂ ಗಂಟೆಗಟ್ಟಲೆ ಬರುತ್ತಲೇ ಇರಬೇಕು. ಆಗ ಮಾತ್ರ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಎಚ್ಚರಗೊಂಡು, ಎನ್‌ಫ್ಯಾಟ್ ಎಂಬ ಪ್ರೋಟೀನನ್ನು ಕೋಶಕೇಂದ್ರಕ್ಕೆ ಕಳಿಸಿ, ಯುದ್ಧದ ಜೀನುಗಳನ್ನು ಚಾಲೂ ಮಾಡಿಸುತ್ತದೆ. ಕೋಶ ಒಂದು ಎರಡಾಗಿ, ಎರಡು ನಾಲ್ಕಾಗುತ್ತದೆ. ಆದರೆ ಕ್ಯಾಲ್ಸಿಯಂ ಕೂಡ ಧನ ವಿದ್ಯುತ್ತಿನದು. ಅದು ಒಳಗೆ ಬಂದಂತೆಲ್ಲ ಒಳಗಿನ ಋಣ ಕಡಿಮೆಯಾಗುತ್ತದೆ, ಒಳಗೆಳೆಯುವ ಬಲವೇ ಕುಗ್ಗುತ್ತದೆ.

ಮಲೆನಾಡಿನವರಿಗೆ ಜೋನಿ ಬೆಲ್ಲದ ಡಬ್ಬಿ ಗೊತ್ತು. ಮುಚ್ಚಿದ ತಗಡಿನ ಡಬ್ಬಿಗೆ ಒಂದೇ ತೂತು ಹೊಡೆದು ಬಗ್ಗಿಸಿದರೆ ಬೆಲ್ಲ ಒಂಚೂರು ಬಂದು ನಿಂತುಬಿಡುತ್ತದೆ. ಎದುರು ಮೂಲೆಗೆ ಇನ್ನೊಂದು ತೂತು ಬೇಕು. ಅಲ್ಲಿ ಗಾಳಿ ಹೋದರೆ ಇಲ್ಲಿ ಬೆಲ್ಲ ಹರಿಯುತ್ತದೆ. ಟಿ ಕೋಶದಲ್ಲಿ ಆ ಎರಡನೇ ತೂತು ಪೊಟ್ಯಾಸಿಯಮ್ ಚಾನೆಲ್. ಪೊಟ್ಯಾಸಿಯಮ್ ಹೊರಗೆ ಹೋಗುತ್ತಿದ್ದರೆ ಕ್ಯಾಲ್ಸಿಯಂ ಒಳಗೆ ಬರುತ್ತಿರುತ್ತದೆ. ಅದನ್ನು ಮುಚ್ಚಿದರೆ ಕ್ಯಾಲ್ಸಿಯಂ ದಾರಿಯನ್ನು ಮುಟ್ಟದೆಯೇ ಕ್ಯಾಲ್ಸಿಯಂ ನಿಲ್ಲುತ್ತದೆ.

ಇದನ್ನು ಸಾಬೀತು ಮಾಡಲು ಚೇಳು ಬೇಕಾಯಿತು. 1984ರಲ್ಲಿ ಕ್ಯಾಲಿಫೋರ್ನಿಯಾದ ಆ ನಾಲ್ವರ ಬಳಿ ಇದ್ದದ್ದು ಕ್ವಿನೈನ್‌ನಂಥ ಒರಟು ಪದಾರ್ಥಗಳು. ಅವನ್ನು ಹಾಕಿದರೆ ಚಾನೆಲ್ ಮುಚ್ಚುತ್ತಿತ್ತು, ಟಿ ಕೋಶ ಬೆಳೆಯುವುದೂ ನಿಲ್ಲುತ್ತಿತ್ತು. ಆದರೆ ಕ್ವಿನೈನ್ ಕೋಶದಲ್ಲಿ ಇನ್ನೂ ಹತ್ತು ಕಡೆ ಕೈಯಾಡಿಸುತ್ತದೆ. ಚಾನೆಲ್‌ನಿಂದಲೇ ಹಾಗಾಯಿತು ಅಂತ ಹೇಗೆ ಹೇಳುವುದು? 1985ರಲ್ಲಿ ಕ್ರಿಸ್ಟೊಫರ್ ಮಿಲ್ಲರ್ ಮತ್ತು ಜೊತೆಗಾರರು ಮರುಭೂಮಿಯ ಹಳದಿ ಚೇಳಿನ ವಿಷದಿಂದ ಚಾರಿಬ್ಡೋಟಾಕ್ಸಿನ್ ಎಂಬ ಅಣುವನ್ನು ಬೇರ್ಪಡಿಸಿದರು. 37 ಅಮೈನೋ ಆಮ್ಲ, ಅಣುವಿನ ಮಡಿಕೆಯನ್ನು ಬಿಗಿಹಿಡಿಯುವ ಮೂರು ಗಂಧಕದ ಕಟ್ಟು. ಅವರು ನೋಡುತ್ತಿದ್ದದ್ದು ಸ್ನಾಯುವಿನ ಚಾನೆಲ್ ಅನ್ನು. ಕೆಲವೇ ವರ್ಷಗಳಲ್ಲಿ ಅದು ಟಿ ಕೋಶದ ಚಾನೆಲ್ ಅನ್ನೂ ಮುಚ್ಚುತ್ತದೆ, ಕೋಶ ಬೆಳೆಯುವುದನ್ನೂ ತಡೆಯುತ್ತದೆ ಅಂತ ಗೊತ್ತಾಯಿತು. ಆಮೇಲೆ ಇನ್ನೂ ಚುರುಕಾದ ಮಾರ್ಗಾಟಾಕ್ಸಿನ್ ಬಂತು, ಮಧ್ಯ ಅಮೆರಿಕದ ಕಡೆಯ ಚೇಳಿನದು. 1990ರ ದಶಕದ ಮೊದಲಲ್ಲಿ ಅದನ್ನು ಬಳಸಿ ಮಾಡಿದ ಪ್ರಯೋಗಗಳು ಅನುಮಾನಕ್ಕೆ ಜಾಗ ಉಳಿಸಲಿಲ್ಲ.

ನಮ್ಮ ದೇಶದ ಕೆಂಪು ಚೇಳೂ ಈ ಕಥೆಯಲ್ಲಿದೆ. 1990ರಲ್ಲಿ ಅದರ ವಿಷದಿಂದ ಐಬೀರಿಯೋಟಾಕ್ಸಿನ್ ಬೇರ್ಪಡಿಸಿದರು. ಅದೂ 37 ಅಮೈನೋ ಆಮ್ಲದ್ದೇ, ನೋಡಲು ಚಾರಿಬ್ಡೋಟಾಕ್ಸಿನ್‌ನ ತಮ್ಮ. ಆದರೆ ಅದು ಕೆವಿ 1.3 ಅನ್ನು ಮುಟ್ಟುವುದಿಲ್ಲ, ಸ್ನಾಯುವಿನ ದೊಡ್ಡ ಪೊಟ್ಯಾಸಿಯಮ್ ಚಾನೆಲ್ ಅನ್ನು ಮಾತ್ರ ಹಿಡಿಯುತ್ತದೆ. ಜಗತ್ತಿನ ಎಷ್ಟೋ ಪ್ರಯೋಗಾಲಯಗಳ ಫ್ರಿಜ್‌ನಲ್ಲಿ ಅದರ ಪುಟ್ಟ ಸೀಸೆ ಇದೆ. ಎರಡು ಅಣುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅಮೈನೋ ಆಮ್ಲ ಒಂದೇ, ಆದರೆ ಆಯ್ಕೆ ಎಷ್ಟು ಬೇರೆ ನೋಡಿ. ಈ ಆಯ್ಕೆಯೇ ಇವತ್ತಿನ ಇಡೀ ಮಾತಿನ ಜೀವ.

ಅಣು ದಾರಿ ಮುಚ್ಚುವ ರೀತಿ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಕೆವಿ 1.3 ಒಂದೇ ಪ್ರೋಟೀನ್ ಅಲ್ಲ, ಒಂದೇ ಥರದ ನಾಲ್ಕು ತುಂಡು ಸುತ್ತ ನಿಂತು ನಡುವೆ ದಾರಿ ಬಿಟ್ಟಿವೆ. ಇಂಥ ಚಾನೆಲ್‌ಗಳಲ್ಲಿ ತುಂಡುಗಳು ನಾಲ್ಕೇ ಅಂತ 1991ರಲ್ಲಿ ರೋಡರಿಕ್ ಮೆಕಿನನ್ ಲೆಕ್ಕ ಹಾಕಿದ್ದು ಚಾರಿಬ್ಡೋಟಾಕ್ಸಿನ್ ಬಳಸಿಯೇ. ಚಾನೆಲ್ ಹೇಗಿದೆ ಅಂತ ಯಾರೂ ಕಣ್ಣಾರೆ ಕಾಣುವ ಮೊದಲು ಚೇಳಿನ ಅಣು ಅದರ ಬಾಯನ್ನು ತಡವಿ ಹೇಳಿತ್ತು. ಅವರಿಗೆ 2003ರಲ್ಲಿ ನೊಬೆಲ್ ಬಂತು. ಈ ಅಣುವಿನ 27ನೇ ಜಾಗದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಇದೆ. ಲೈಸಿನ್‌ನ ಉದ್ದ ತುದಿಯಲ್ಲಿ ಧನ ವಿದ್ಯುತ್ತು. ಅಣು ಚಾನೆಲ್‌ನ ಬಾಯ ಮೇಲೆ ಕೂತಾಗ ಆ ತುದಿ ನೇರ ದಾರಿಯೊಳಗೆ ಇಳಿದು, ಪೊಟ್ಯಾಸಿಯಮ್ ಅಯಾನು ನಿಲ್ಲಬೇಕಾದ ಜಾಗದಲ್ಲಿ ತಾನು ನಿಲ್ಲುತ್ತದೆ. ಪೊಟ್ಯಾಸಿಯಮ್‌ನ ವೇಷ ಹಾಕಿ ಅದರ ದಾರಿಯನ್ನೇ ಅಡ್ಡಗಟ್ಟುತ್ತದೆ. 2013ರಲ್ಲಿ ಮೆಕಿನನ್ ಅವರ ತಂಡ ಇದನ್ನು ಸ್ಫಟಿಕದ ಚಿತ್ರದಲ್ಲೇ ತೋರಿಸಿತು.

ಈಗ ರೋಗಿಯ ಹತ್ತಿರ ಬರೋಣ. ರುಮಟಾಯ್ಡ್ ಸಂಧಿವಾತ ಇರುವ ಹೆಂಗಸೊಬ್ಬಳನ್ನು ನೆನೆಯಿರಿ. ಬೆಳಗ್ಗೆ ಎದ್ದರೆ ಬೆರಳು ಮಡಿಸಲು ಆಗುವುದಿಲ್ಲ. ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಕೂತರೂ ಅಡಿಕೆ ಹಿಡಿಯಲು ಕೈ ಬರುವುದಿಲ್ಲ. ಹೊತ್ತೇರಿದ ಮೇಲೆ ಸ್ವಲ್ಪ ಸಡಿಲ. ಇದು ಮಳೆ ಥಂಡಿಯ ಕಾಯಿಲೆ ಅಂತ ಊರಲ್ಲಿ ಹೇಳುತ್ತಾರೆ. ಥಂಡಿ ನೋವನ್ನು ಹೆಚ್ಚಿಸಬಹುದು, ಆದರೆ ಮೂಲದಲ್ಲಿರುವುದು ಅವಳದೇ ಟಿ ಕೋಶಗಳು. ಅವು ಅವಳದೇ ಕೀಲುಗಳ ಮೇಲೆ ತಿರುಗಿಬಿದ್ದಿವೆ.

ಹಾಗಾದರೆ ಎಲ್ಲಾ ಟಿ ಕೋಶಗಳನ್ನೂ ಅಡಗಿಸಿಬಿಡೋಣವೇ? ನಮ್ಮ ಜಿಲ್ಲೆಯವರು ಇದಕ್ಕೆ ಸುಲಭವಾಗಿ ಹೂಂ ಅನ್ನಬಾರದು. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ನಮ್ಮ ನಡುವೆ ಇದೆ. ಉಣ್ಣಿ ಕಚ್ಚಿ ಜ್ವರ ಬಂದಾಗ ಸೆಣಸಬೇಕಾದದ್ದು ಇದೇ ರೋಗನಿರೋಧಕ ಶಕ್ತಿ. ಅದನ್ನು ಪೂರ್ತಿ ಮಲಗಿಸುವ ಔಷಧಿ ಕೀಲನ್ನು ಉಳಿಸಿ ಮನುಷ್ಯನನ್ನು ಕಳೆಯಬಹುದು.

ಇಲ್ಲೇ ಕೆವಿ 1.3ರ ನಿಜವಾದ ಬೆಲೆ ಇರುವುದು. ಟಿ ಕೋಶಗಳಲ್ಲಿ ಬೇರೆ ಬೇರೆ ಬಗೆಯವಿವೆ. ಇನ್ನೂ ಶತ್ರುವನ್ನೇ ಕಾಣದ ಹೊಸ ಕೋಶಗಳಲ್ಲಿ ಕೆವಿ 1.3 ಸುಮಾರು ಮುನ್ನೂರು ಇರುತ್ತವೆ. ಅವು ಎಚ್ಚರಗೊಂಡಾಗ ಮುಖ್ಯವಾಗಿ ಕ್ಯಾಲ್ಸಿಯಂಗೆ ತೆರೆಯುವ ಇನ್ನೊಂದು ಪೊಟ್ಯಾಸಿಯಮ್ ಚಾನೆಲ್ ಅನ್ನು ಬೆಳೆಸಿಕೊಳ್ಳುತ್ತವೆ. ಆದರೆ ಒಂದೇ ಗುರಿಯನ್ನು ಪದೇ ಪದೇ ಕಂಡು ಪಳಗಿದ, ಹೊಡೆತಕ್ಕೆ ಸದಾ ತಯಾರಿರುವ ಕೋಶಗಳು ಎಚ್ಚರಗೊಂಡಾಗ ಕೆವಿ 1.3 ಅನ್ನೇ ಸುಮಾರು ಸಾವಿರದ ಐನೂರಕ್ಕೆ ಏರಿಸಿಕೊಳ್ಳುತ್ತವೆ, ಅದನ್ನೇ ನೆಚ್ಚಿಕೊಳ್ಳುತ್ತವೆ. 2003ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ (ಟಿ ಕೋಶಗಳು ಮಿದುಳು, ನರಗಳ ಮೇಲೆ ತಿರುಗಿಬೀಳುವ ಕಾಯಿಲೆ) ರೋಗಿಗಳ ರಕ್ತದಲ್ಲಿ, 2006ರಲ್ಲಿ ಟೈಪ್ 1 ಮಧುಮೇಹಿಗಳ ರಕ್ತದಲ್ಲಿ ಮತ್ತು ರುಮಟಾಯ್ಡ್ ರೋಗಿಗಳ ಕೀಲಿನ ನೀರಿನಲ್ಲಿ ಹುಡುಕಿದಾಗ, ತನ್ನ ಮೈಯನ್ನೇ ಹೊಡೆಯುವ ಕೋಶಗಳು ಈ ಜಾತಿಯವೇ ಆಗಿದ್ದವು. ವಯಸ್ಸಾಗಿ ಕೀಲು ಸವೆದವರ ಕೀಲಿನ ನೀರಿನಲ್ಲಿ ಹಾಗಿರಲಿಲ್ಲ.

ಅಂದರೆ ಕೆವಿ 1.3 ಮಾತ್ರ ಮುಚ್ಚಿದರೆ ತೊಂದರೆ ಕೊಡುವ ಕೋಶಗಳು ಕುಗ್ಗುತ್ತವೆ, ಮಿಕ್ಕವು ಇನ್ನೊಂದು ಚಾನೆಲ್ ಹಿಡಿದು ಕೆಲಸ ಮುಂದುವರಿಸುತ್ತವೆ. 2008ರಲ್ಲಿ ಇಲಿಗಳಲ್ಲಿ ಇದನ್ನು ಪರೀಕ್ಷಿಸಿದರು. ಉರಿಯೂತ ತಗ್ಗಿಸುವಷ್ಟು ಔಷಧಿ ಕೊಟ್ಟರೂ ಇಲಿಗಳು ಫ್ಲೂ ವೈರಸ್ಸನ್ನು ಎಂದಿನಂತೆ ಎದುರಿಸಿದವು.

ಹಾಗಾದರೆ ಔಷಧಿ ಯಾಕೆ ಅಂಗಡಿಗೆ ಬಂದಿಲ್ಲ? ಕೆವಿ 1.3ಕ್ಕೆ ನರಗಳಲ್ಲಿ ಅಣ್ಣತಮ್ಮಂದಿರಿದ್ದಾರೆ: ಕೆವಿ 1.1, ಕೆವಿ 1.2. ಬಾಯಿ ಹೆಚ್ಚುಕಡಿಮೆ ಒಂದೇ ಥರ. ಮಾರ್ಗಾಟಾಕ್ಸಿನ್ ಹಂದಿಗಳಲ್ಲಿ ರೋಗನಿರೋಧಕ ಪ್ರತಿಕ್ರಿಯೆಯನ್ನು ಚೆನ್ನಾಗಿ ತಗ್ಗಿಸಿತು, ಆದರೆ ಕೆವಿ 1.2 ಅನ್ನೂ ಅದು ಬಿಡುವುದಿಲ್ಲ. ನರದ ಚಾನೆಲ್ ಮುಚ್ಚಿದರೆ ನಡುಕ, ಸೆಳೆತ. ಮೆಕ್ಸಿಕೋದ ಚೇಳೊಂದರ ವಿಎಂ 24 ಎಂಬ ಅಣು ಈ ವಿಷಯದಲ್ಲಿ ಬಹಳ ಮೇಲು. 2012ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಕೆವಿ 1.3 ಅನ್ನು ಅದು ಸಾವಿರ ಪಟ್ಟಿಗೂ ಹೆಚ್ಚು ಆರಿಸಿ ಹಿಡಿಯುತ್ತದೆ. ಮನುಷ್ಯರವರೆಗೆ ಬಂದ ಒಂದು ಅಣು ಮಾತ್ರ ಸಮುದ್ರದ ಜೀವಿಯದು. ಕೆರಿಬಿಯನ್‌ನ ಕಡಲ ಹೂವಿನ ವಿಷದಿಂದ ತಿದ್ದಿ ಮಾಡಿದ ಡಲಾಜಟೈಡ್ ಅದು. ಅದೂ ಇದೇ ರೀತಿ ಲೈಸಿನ್ ಇಳಿಸಿಯೇ ದಾರಿ ಮುಚ್ಚುತ್ತದೆ. ಸೋರಿಯಾಸಿಸ್ ಇದ್ದ 24 ಜನರಲ್ಲಿ ಅದನ್ನು ಪರೀಕ್ಷಿಸಿದ ವರದಿ 2017ರಲ್ಲಿ ಬಂತು. ವಾರಕ್ಕೆ ಎರಡು ಇಂಜೆಕ್ಷನ್, ನಾಲ್ಕು ವಾರ. ಚರ್ಮ ಸುಧಾರಿಸಿತು. ಬಾಯಿ ಸುತ್ತ, ಕೈಕಾಲಲ್ಲಿ ಸ್ವಲ್ಪ ಹೊತ್ತು ಜುಮ್ಮೆನ್ನುವುದು ಬಿಟ್ಟರೆ ದೊಡ್ಡ ತೊಂದರೆ ಕಾಣಲಿಲ್ಲ. ಚಿಕ್ಕ ಪರೀಕ್ಷೆ, ನಿಜ. ನನ್ನ ಮಟ್ಟಿಗೆ ದಾರಿ ಸರಿ ಇದೆ ಅನ್ನಲು ಅಷ್ಟು ಸಾಕು. ಗೆದ್ದೆವು ಅನ್ನಲು ಸಾಲದು.

ಇನ್ನೊಂದು ವಿಷಯ ಹೇಳದೆ ಇರಲಾರೆ. ಈ ಚೇಳಿನ ಅಣುಗಳ ಮಡಿಕೆ ಇದೆಯಲ್ಲ, ಒಂದು ಸುರುಳಿ, ಅದರ ಬೆನ್ನಿಗೆ ಒಂದು ಹಾಳೆ, ನಡುವೆ ಗಂಧಕದ ಕಟ್ಟು, ಅದೇ ಮಡಿಕೆ ಕೀಟಗಳ ಡಿಫೆನ್ಸಿನ್‌ಗಳಲ್ಲೂ ಇದೆ. ಡಿಫೆನ್ಸಿನ್ ಅಂದರೆ ಬ್ಯಾಕ್ಟೀರಿಯಾ ಕೊಲ್ಲಲು ಕೀಟಗಳ ಮೈ ತಯಾರಿಸುವ ಪ್ರೋಟೀನ್. 2014ರಲ್ಲಿ ಚೀನಾದ ವಿಜ್ಞಾನಿಗಳು ಒಂದು ಡಿಫೆನ್ಸಿನ್‌ನಿಂದ ಚಿಕ್ಕ ಕುಣಿಕೆಯಷ್ಟನ್ನು ತೆಗೆದು, ಅದು ಪೊಟ್ಯಾಸಿಯಮ್ ಚಾನೆಲ್ ಮುಚ್ಚುವಂತೆ ಮಾಡಿ ತೋರಿಸಿದರು. ತನ್ನ ರಕ್ಷಣೆಗೆ ಇದ್ದ ಅಣುವನ್ನೇ ಚೇಳಿನ ಪೂರ್ವಜರು ವಿಷವಾಗಿ ತಿರುಗಿಸಿಕೊಂಡಿರಬೇಕು. ಈಗ ಅದೇ ಅಣುವಿನಿಂದ ನಾವು ನಮ್ಮ ರಕ್ಷಣಾ ಕೋಶಗಳನ್ನು ಅರ್ಥ ಮಾಡಿಕೊಳ್ಳುತ್ತಿದ್ದೇವೆ.

ಮೊಬೈಲಿನಲ್ಲಿ ಓಡಾಡುವ ವಿಡಿಯೋಗಳ ಬಗ್ಗೆಯೂ ಹೇಳಬೇಕು. ಚೇಳಿನ ವಿಷ ಲೀಟರಿಗೆ ಕೋಟಿಗಟ್ಟಲೆ, ದೊಡ್ಡ ಚೇಳು ಹಿಡಿದು ಕೊಟ್ಟರೆ ಲಕ್ಷ ಅಂತ. ದಯವಿಟ್ಟು ನಂಬಬೇಡಿ. ನಾನು ಇಷ್ಟು ಹೊತ್ತು ಹೇಳಿದ ಅಣುಗಳಲ್ಲಿ ಯಾವ ಅಮೈನೋ ಆಮ್ಲದ ನಂತರ ಯಾವುದು ಬರುತ್ತದೆ ಅಂತ ಗೊತ್ತಿದೆ. ಪ್ರಯೋಗಾಲಯದಲ್ಲಿ ರಾಸಾಯನಿಕವಾಗಿ ಜೋಡಿಸುತ್ತಾರೆ, ಇಲ್ಲ ಬ್ಯಾಕ್ಟೀರಿಯಾದಿಂದ ಮಾಡಿಸುತ್ತಾರೆ. ಮಾರ್ಗಾಟಾಕ್ಸಿನ್ ಅನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ್ದು 1993ರಲ್ಲೇ. ಕಲ್ಲು ಎತ್ತಿ ಚೇಳು ಹಿಡಿಯುವ ಹುಡುಗನಿಗೆ ಸಿಗುವುದು ಕಡಿತ ಮಾತ್ರ. ಹಾಗೆಯೇ ಹಸಿ ವಿಷವನ್ನು ಸಂಧಿವಾತಕ್ಕೆ ಚುಚ್ಚುತ್ತೇನೆ, ಹಚ್ಚುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ. ಒಂದು ಅಣು ಒಂದೇ ಚಾನೆಲ್ ಹಿಡಿಯುತ್ತದೆ ಅನ್ನುವುದರಲ್ಲಿ ಇದರ ಬೆಲೆ ಇದೆ. ಹಸಿ ವಿಷದಲ್ಲಿ ಅದರ ಜೊತೆ ನೂರು ಬೇರೆ ಅಣುಗಳು ನರ, ಹೃದಯ, ಶ್ವಾಸಕೋಶಕ್ಕೆ ಹೋಗುತ್ತವೆ.

ಕೊನೆಯದಾಗಿ ಕರಿ ಚೇಳಿಗೆ ವಾಪಸ್ ಬರುತ್ತೇನೆ, ವಿದ್ಯಾರ್ಥಿಗಳಿಗಾಗಿ. ನಮ್ಮ ಕಾಡಿನ ದೊಡ್ಡ ಕರಿ ಚೇಳುಗಳ ಸಂಬಂಧಿಯಾದ ಹೆಟಿರೊಮೆಟ್ರಸ್ ಸ್ಪಿನಿಫರ್ ಎಂಬ ಚೇಳು ಆಗ್ನೇಯ ಏಷ್ಯಾದ ಕಾಡಲ್ಲಿದೆ. ಅದರಲ್ಲಿ ಸಿಕ್ಕ ಎಚ್‌ಎಸ್‌ಟಿಎಕ್ಸ್ 1 ಎಂಬ ಅಣುವಿನಲ್ಲಿ 34 ಅಮೈನೋ ಆಮ್ಲ, ಮೂರರ ಬದಲು ನಾಲ್ಕು ಗಂಧಕದ ಕಟ್ಟು. ಅದರ 14ನೇ ಜಾಗದ ಆರ್ಜಿನಿನ್ ತೆಗೆದು ಅಲನಿನ್ ಇಟ್ಟರೆ ನರದ ಕೆವಿ 1.1 ಅನ್ನು ಬಿಟ್ಟು ಕೆವಿ 1.3 ಅನ್ನು ಇನ್ನೂ ಚೆನ್ನಾಗಿ ಆರಿಸುತ್ತದೆ. ಇಂಥ ಅಣುವನ್ನು ಮಾತ್ರೆಯಾಗಿ ನುಂಗಿದರೆ ಹೊಟ್ಟೆ ಉಳಿದ ಪ್ರೋಟೀನಿನಂತೆ ಜೀರ್ಣ ಮಾಡಲು ನೋಡುತ್ತದೆ, ಉಳಿದರೂ ಕರುಳು ದಾಟುವುದು ಕಷ್ಟ. ಅದಕ್ಕೇ ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದವರು ಅದನ್ನು ಶ್ವಾಸಕೋಶದ ಮೂಲಕ, ಕೆನ್ನೆಯ ಒಳಪದರದ ಮೂಲಕ ಕೊಡುವ ಪ್ರಯೋಗ ಮಾಡಿದ್ದಾರೆ. ಸೂಜಿ ಇಲ್ಲದೆ ಇದನ್ನು ರಕ್ತಕ್ಕೆ ತಲುಪಿಸುವುದು ಹೇಗೆ ಅನ್ನುವುದು ಇನ್ನೂ ಪೂರ್ತಿ ಬಗೆಹರಿಯದ ಪ್ರಶ್ನೆ. ಔಷಧ ವಿಜ್ಞಾನ ಓದುತ್ತಿರುವವರು ಯಾರಾದರೂ ಇಲ್ಲಿದ್ದರೆ, ಅದು ನಿಮಗೆ ಬಿಟ್ಟ ಕೆಲಸ.